ಚಾವಡಿಯ ಕಾವಲಿನಿಂದ ಕ್ಯಾಮೆರಾ ಕಣ್ಣಿಗೆ

ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ನೇಣಿಗೇರಿದ ಸಂಗೊಳ್ಳಿ ರಾಯಣ್ಣ, ಬಂಡಾಯಕ್ಕೆ ಇಳಿಯುವ ಮೊದಲು ಕಿತ್ತೂರು ಸಂಸ್ಥಾನದ ಶೇತಸನದಿಯಾಗಿದ್ದ. ಅಂದರೆ ಊರ ಕಾವಲಿನಂತಹ ಚಾಕರಿಗೆ ಸಂಬಳದ ಬದಲು ಹೊಲ ಪಡೆದವನು. ಕಾಯುವವನ ಅನ್ನವೂ ಹೊಣೆಯೂ ಒಂದೇ ಸನದಿನಲ್ಲಿರುತ್ತಿದ್ದವು. ಕಂಪನಿ ಸರ್ಕಾರ ಆ ಹೊಲಕ್ಕೇ ಕೈಹಾಕಿದಾಗ ಕಾಯುವವನೇ ತಿರುಗಿಬಿದ್ದ.

ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1867ರಲ್ಲಿ ಬಂದ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಊರ ಕಾವಲುಗಾರರನ್ನು ಪೊಲೀಸ್ ಪಾಟೀಲನ ಕೈಕೆಳಗೆ ಇಟ್ಟಿತು; ಪಾಟೀಲ ಮ್ಯಾಜಿಸ್ಟ್ರೇಟರಿಗೆ ಉತ್ತರ ಹೇಳಬೇಕಿತ್ತು. ಕಂಡದ್ದನ್ನು ಯಾರಿಗೆ ಹೇಳಬೇಕೆಂಬುದು ಚಾವಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ವಂಶಪಾರಂಪರ್ಯದ ಈ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ ರಾಜ್ಯದ ಕಾಯ್ದೆ 1963ರಲ್ಲಿ ಜಾರಿಗೆ ಬಂತು.

ಅದೇ ಹೊತ್ತಿಗೆ ದೆಹಲಿಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ಪೊಲೀಸರು ಒಬ್ಬ ಮನುಷ್ಯನ ಮೇಲೆ ಎಷ್ಟು ಕಣ್ಣಿಡಬಹುದು? 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಾತ್ರಿ ಮನೆಬಾಗಿಲು ತಟ್ಟುವುದನ್ನು ತಡೆಯಿತಾದರೂ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದಿತು. ಆ ಮಾತು ಬಿದ್ದುಹೋಗಲು 55 ವರ್ಷ ಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ವಿಚಿತ್ರವೆಂದರೆ, ರಾಜ್ಯದ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯೂ 2017ರದೇ. ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಅಂಗಡಿ, ಆಸ್ಪತ್ರೆ, ಶಾಲೆ, ದೇವಸ್ಥಾನ, ಬಸ್ ನಿಲ್ದಾಣಗಳಲ್ಲಿ ಕ್ಯಾಮೆರಾ ಇರಲೇಬೇಕು; ಚಿತ್ರಗಳನ್ನು 30 ದಿನ ಕಾದಿರಿಸಬೇಕು; ಪೊಲೀಸ್ ಇನ್‌ಸ್ಪೆಕ್ಟರ್ ಕೇಳಿದಾಗ ಕೊಡಬೇಕು. ತಪ್ಪಿದರೆ ದಂಡ.

ಬೆಳಗಾವಿ 2016ರ ಜನವರಿಯಲ್ಲೇ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಗೆ ಸೇರಿ, ಕ್ಯಾಮೆರಾಗಳ ನಿಯಂತ್ರಣ ಕೇಂದ್ರವನ್ನು ಪಡೆಯಿತು. ಖಾನಾಪುರ ಪೇಟೆಗೆ ಆ ಭಾಗ್ಯವಿಲ್ಲ. ನಗರಕ್ಕೆ ಪೊಲೀಸ್ ಕಮಿಷನರ್, ಖಾನಾಪುರಕ್ಕೆ ಜಿಲ್ಲಾ ಎಸ್.ಪಿ.; ಆದರೆ ಖಡೇಬಜಾರಿನ ವ್ಯಾಪಾರಿಗೂ ಖಾನಾಪುರದ ವ್ಯಾಪಾರಿಗೂ ಕಾಯ್ದೆ ಒಂದೇ.

ಈ ವ್ಯಾಪಾರಿಯೇ ಇಂದಿನ ಶೇತಸನದಿ. ಹೊಲ ಮಾತ್ರ ಇಲ್ಲ! ಅವನ ಹೊಣೆ ಕ್ಯಾಮೆರಾ ತೂಗುಹಾಕುವುದಕ್ಕೆ ಮುಗಿಯದು. ಬಟ್ಟೆ ಬದಲಿಸುವ ಕೋಣೆಯಲ್ಲೋ ಶೌಚಾಲಯದಲ್ಲೋ ಗುಟ್ಟಾಗಿ ಅಂಗಾಂಗಗಳ ಚಿತ್ರ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಇ ಕಲಮಿನಡಿ 3 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಹಿಳೆಯರ ಇಂತಹ ಚಿತ್ರ ತೆಗೆದವನಿಗೂ ಹರಡಿದವನಿಗೂ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿದೆ. ಕೋರ್ಟಿಗೆ ಚಿತ್ರದ ಪ್ರತಿ ಒಪ್ಪಿಸುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕು. ಅದಿಲ್ಲದೆ ಕಳ್ಳ ಸ್ಪಷ್ಟವಾಗಿ ಕಂಡರೂ ಸಾಕ್ಷ್ಯ ನಿಲ್ಲದೆ ಹೋಗಬಹುದು. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯಾದರೂ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವಿನೊಂದಿಗೆ. ನೋಡಬೇಕೆಂಬ ಆಜ್ಞೆ ಮೊದಲು ಬಂತು, ನೋಡಿದ್ದನ್ನು ಏನು ಮಾಡಬೇಕೆಂಬ ವಿವರ ತಡವಾಗಿ.

ಈ 30 ದಿನದ ಲೆಕ್ಕ ಜನರಿಗೂ ಮುಖ್ಯ. ಬಸ್ ನಿಲ್ದಾಣದಲ್ಲಿ ಸರ ಕಳೆದುಕೊಂಡವರು ಎರಡು ತಿಂಗಳು ಬಿಟ್ಟು ದೂರು ಕೊಟ್ಟರೆ ಚಿತ್ರ ಅಳಿಸಿಹೋಗಿರಬಹುದು.

ಠಾಣೆಗಳಿಗಾದರೆ ಲೆಕ್ಕ ಬೇರೆ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿ ಪೊಲೀಸ್ ಠಾಣೆಯ ಬಾಗಿಲು, ಲಾಕಪ್, ವರಾಂಡಗಳಲ್ಲಿ ಕ್ಯಾಮೆರಾ ಇಡಲು ಆದೇಶಿಸಿತು. ಚಿತ್ರವನ್ನು 18 ತಿಂಗಳು ಉಳಿಸಬೇಕು, ಅಂತಹ ಉಪಕರಣ ಸಿಗದಿದ್ದರೆ ಕನಿಷ್ಠ 1 ವರ್ಷ. ಠಾಣೆಯಲ್ಲಿ ಕ್ಯಾಮೆರಾ ಇದೆ, ಅನ್ಯಾಯವಾದರೆ ಮಾನವ ಹಕ್ಕು ಆಯೋಗಕ್ಕೆ ದೂರಬಹುದು ಎಂಬ ಫಲಕವನ್ನು ಇಂಗ್ಲಿಷ್, ಹಿಂದಿಗಳ ಜೊತೆಗೆ ಸ್ಥಳೀಯ ಭಾಷೆಯಲ್ಲಿಯೂ ಬಾಗಿಲಲ್ಲೇ ದೊಡ್ಡದಾಗಿ ಹಾಕಬೇಕೆಂದೂ ತೀರ್ಪು ಹೇಳಿದೆ.