ಕಾಳಿನ ಮೇಲಿನ ಚುಕ್ಕೆಗಳು

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದದವರು ನಮ್ಮ ಬಳಗದಲ್ಲಿ ವಿರಳ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕದ ನಗೆಗಾರ ಮೇಷ್ಟ್ರನ್ನು ನಾವೆಲ್ಲ ಬಲ್ಲೆವು. ಸಸ್ಯಭ್ರೂಣಶಾಸ್ತ್ರಜ್ಞ ಸ್ವಾಮಿಯವರನ್ನು ಅಷ್ಟಾಗಿ ಅರಿಯೆವು. 1963ರಲ್ಲಿ ಎನ್. ಪರಮೇಶ್ವರನ್ ಜೊತೆ ಅವರು ಬರೆದ ಒಂದು ಸಂಶೋಧನ ಲೇಖನದ ವಿಷಯ ಎಂಡೋಸ್ಪರ್ಮ್, ಅಂದರೆ ಬೀಜದೊಳಗೆ ಎಳೆಯ ಸಸಿಗೆಂದು ಕಟ್ಟಿಟ್ಟ ಬುತ್ತಿ. ಅಕ್ಕಿ, ಗೋಧಿ, ಜೋಳವೆಂದು ನಾವು ಉಣ್ಣುವುದು ಬಹುಪಾಲು ಅದನ್ನೇ. ಆ ಬುತ್ತಿಯ ಚರಿತ್ರೆಯ ಒಂದು ಅಧ್ಯಾಯವನ್ನು ಇಲ್ಲಿ ನೋಡೋಣ.

ಹೂವಿನಲ್ಲಿ ಗರ್ಭಾಧಾನ ಎರಡು ಬಾರಿ ನಡೆಯುತ್ತದೆಂದು 1898ರಲ್ಲಿ ಕಂಡುಕೊಂಡವರು ಕೀವ್‌ನ ಸೆರ್ಗೈ ನವಾಷಿನ್. ಒಂದರಿಂದ ಭ್ರೂಣ, ಇನ್ನೊಂದರಿಂದ ಎಂಡೋಸ್ಪರ್ಮ್. ಸಾಮಾನ್ಯವಾಗಿ ಈ ಎರಡನೆಯದರಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು.

ಜೀನ್ ಯಾರ ಕಡೆಯಿಂದ ಬಂದರೂ ಫಲ ಒಂದೇ ಎಂಬುದು ಮೆಂಡೆಲ್ ಕಾಲದ ತಿಳಿವಳಿಕೆ. ಮುಸುಕಿನ ಜೋಳ ಇದಕ್ಕೆ ತಕರಾರು ತೆಗೆಯಿತು. 'ಆರ್' ಎಂಬ ಜೀನ್ ತಾಯಿಯಿಂದ ಬಂದರೆ ಕಾಳಿಗೆ ಪೂರ್ಣ ಬಣ್ಣ. ತಂದೆಯಿಂದ ಬಂದರೆ ಬರೀ ಚುಕ್ಕೆ. ತಂದೆಯ ಪಾಲು ಒಂದೇ ಆದ್ದರಿಂದ ಹೀಗಾಯಿತೆ? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆರ್ರಿ ಕರ್ಮಿಕಲ್ ತಂದೆಯಿಂದಲೇ ಎರಡು ಪ್ರತಿ ಬರುವಂತೆ ಮಾಡಿ ನೋಡಿದರು. ಆಗಲೂ ಚುಕ್ಕೆಯೇ. ಲೆಕ್ಕಕ್ಕೆ ಬರುವುದು ಪ್ರತಿಗಳ ಸಂಖ್ಯೆಯಲ್ಲ, ಬಂದ ದಾರಿ ಎಂದು ಅವರು 1970ರಲ್ಲಿ ಪ್ರಕಟಿಸಿದರು. ಇಲಿಗಳಲ್ಲಿ ಇಂಥದೇ ಸಂಗತಿ ಖಚಿತವಾದದ್ದು 1984ರಲ್ಲಿ.

ತಾಯಿಯ 'ಆರ್' ಜೀನನ್ನು ಎಚ್ಚರಿಸುವ ಇನ್ನೊಂದು ಜೀನ್ ಇದೆಯೆಂದು 1978ರಲ್ಲಿ ಕರ್ಮಿಕಲ್ ತೋರಿಸಿದರು. ಅದರ ಕೆಲಸವೇನೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ನಡುವೆ, 1999ರಲ್ಲಿ, ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಡೇವಿಡ್ ಬೋಲ್ಕೂಂಬ್ ಗಿಡಗಳಲ್ಲಿ ಸುಮಾರು 25 ಅಕ್ಷರ ಉದ್ದದ ಪುಟ್ಟ ಆರ್‌ಎನ್‌ಎ ತುಣುಕುಗಳನ್ನು ಕಂಡರು. ಡಿಎನ್‌ಎ ಮೇಲೆ ಮೀಥೈಲ್ ಎಂಬ ಮುದ್ರೆ ಎಲ್ಲಿ ಬೀಳಬೇಕೆಂದು ಇಂಥ ತುಣುಕುಗಳು ತೋರಿಸಿಕೊಡುತ್ತವೆಂದು ಆಮೇಲೆ ತಿಳಿಯಿತು. ಮುದ್ರೆ ಬಿದ್ದ ಜೀನ್ ಸಾಮಾನ್ಯವಾಗಿ ಮೌನವಾಗುತ್ತದೆ. ಕರ್ಮಿಕಲ್ ಗುರುತಿಸಿದ ಜೀನ್ ಮೀಥೈಲ್ ಮುದ್ರೆಯನ್ನು ಅಳಿಸುವ ಕಿಣ್ವವನ್ನು ತಯಾರಿಸುತ್ತದೆಂದು 2022ರಲ್ಲಿ ಪ್ರಕಟವಾಯಿತು. ಅದರಿಂದ ಎಂಡೋಸ್ಪರ್ಮಿನಲ್ಲಿ ಪುಟ್ಟ ಆರ್‌ಎನ್‌ಎಗಳೂ ಕಡಿಮೆಯಾಗುತ್ತವೆ. ತಾಯಿಯ ಪ್ರತಿಯ ಮುದ್ರೆ ಅಳಿಯುತ್ತದೆ, ತಂದೆಯದು ಉಳಿಯುತ್ತದೆ. ಚುಕ್ಕೆಗಳ ಗುಟ್ಟು ಇದು.

ಇದು ಬರೀ ಬಣ್ಣದ ಮಾತಲ್ಲ. ಹತ್ತಿರದ ಎರಡು ಜಾತಿಗಳನ್ನು ತಳಿಗಾರರು ಬೆರೆಸಿದಾಗ ಎಷ್ಟೋ ಸಲ ಬೀಜ ಮುರುಟಿಹೋಗುತ್ತದೆ. ಎಂಡೋಸ್ಪರ್ಮಿನಲ್ಲಿ ತಾಯಿ ತಂದೆಯರ ಸಮತೋಲ ತಪ್ಪುವುದು ಅದಕ್ಕೊಂದು ಮುಖ್ಯ ಕಾರಣ. ನಾಳಿನ ಹೊಸ ತಳಿಗಳನ್ನು ಬಯಸುವವರು ಬೀಜದೊಳಗಿನ ಈ ಸಂಸಾರದ ಲೆಕ್ಕವನ್ನೂ ಓದಬೇಕಾಗುತ್ತದೆ.