ಮಂಗನ ಕಾಯಿಲೆ: ರಾಷ್ಟ್ರೀಯ ವೈರಾಣು ಸಂಸ್ಥೆಯ ಕಾರ್ಯ ಹಾಗೂ ಸಾರ್ವಜನಿಕರಿಗೆ ಮಾಹಿತಿ

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಮಂಗಗಳ ಸಾವಿನೊಂದಿಗೆ ಕಾಣಿಸಿಕೊಂಡ ಜ್ವರಕ್ಕೆ ಕಾರಣವಾದ ವೈರಾಣುವನ್ನು ಪುಣೆಯ ವೈರಾಣು ಸಂಶೋಧನಾ ಕೇಂದ್ರವು ಗುರುತಿಸಿತು. 1952ರಲ್ಲಿ ಸ್ಥಾಪಿತವಾದ ಈ ಕೇಂದ್ರವು 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು.

ಹರಡುವಿಕೆ: ಸೋಂಕಿತ ಉಣುಗಿನ ಕಡಿತದಿಂದ ಹರಡುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಲಕ್ಷಣಗಳು: ಹಠಾತ್ ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ.

ಮುಂಜಾಗ್ರತೆ: ಹಿಂದಿನ ಲಸಿಕೆಯ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಆದುದರಿಂದ ಆಯನೂರು ಭಾಗದಿಂದ ಸೌದೆ, ದರಗುಗಳಿಗಾಗಿ ಕಾಡಿಗೆ ತೆರಳುವವರು ಮೈಮುಚ್ಚುವ ಉಡುಪು ಧರಿಸಿ, ಉಣುಗು ನಿರೋಧಕ ತೈಲ ಲೇಪಿಸಿಕೊಳ್ಳತಕ್ಕದ್ದು. ಹಿಂತಿರುಗಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡತಕ್ಕದ್ದು. ಸತ್ತ ಮಂಗವನ್ನು ಮುಟ್ಟದೆ ಗ್ರಾಮ ಪಂಚಾಯಿತಿಗೆ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸುವುದು.

ರಕ್ತ ಪರೀಕ್ಷೆ: ನಿರ್ದಿಷ್ಟ ಔಷಧಿ ಇಲ್ಲದ ಕಾರಣ ವಿಳಂಬವು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಜ್ವರ ಬಂದ ಕೂಡಲೇ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಿ, ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.