ಲಿಯೋನಿನ ರೇಷ್ಮೆ ಮತ್ತು ನೇಕಾರರ ದರ

ಫ್ರಾನ್ಸಿನ ಲಿಯೋನ್ ನಗರ ರೋನ್ ಮತ್ತು ಸೋನ್ ನದಿಗಳು ಕೂಡುವ ಸ್ಥಳದಲ್ಲಿದೆ. ಊರಿನ ಮೇಲೆ ಎರಡು ಗುಡ್ಡಗಳು. ಪಶ್ಚಿಮದ ಫೂರ್ವಿಯೇರ್ ಗುಡ್ಡವನ್ನು ‘ಪ್ರಾರ್ಥಿಸುವ ಗುಡ್ಡ’ವೆಂದೂ ಉತ್ತರದ ಕ್ರ್ವಾ-ರೂಸ್ ಗುಡ್ಡವನ್ನು ‘ದುಡಿಯುವ ಗುಡ್ಡ’ವೆಂದೂ ಕರೆಯುವ ವಾಡಿಕೆಯುಂಟು. ನಾನು ಅಲ್ಲಿ ತಂಗಿದ್ದ ನಾಲ್ಕು ದಿನಗಳಲ್ಲಿ ಮೊದಲನೆಯದಕ್ಕೆ ಒಂದೇ ದಿನ ಸಂದಿತು. ಉಳಿದ ಮೂರು ದಿನಗಳನ್ನು ದುಡಿಯುವ ಗುಡ್ಡವೇ ಕಸಿದುಕೊಂಡಿತು.

ಫೂರ್ವಿಯೇರಿನ ಇಳಿಜಾರಿನಲ್ಲಿ ರೋಮನ್ ರಂಗಮಂದಿರದ ಪಕ್ಕದಲ್ಲಿ, ಗುಡ್ಡದ ಒಡಲೊಳಗೇ ಕಟ್ಟಿದ ವಸ್ತುಸಂಗ್ರಹಾಲಯವೊಂದಿದೆ. 1975ರಲ್ಲಿ ತೆರೆದದ್ದು. ಅಲ್ಲಿನ ಮುಖ್ಯ ಆಕರ್ಷಣೆ ಒಂದು ಕಂಚಿನ ಫಲಕ. ಗಾಲ್ ಪ್ರಾಂತದ ಪ್ರಮುಖರನ್ನೂ ರೋಮಿನ ಸೆನೆಟ್ಟಿಗೆ ಸೇರಿಸಿಕೊಳ್ಳಬೇಕೆಂದು ಕ್ರಿ.ಶ. 48ರಲ್ಲಿ ಸಾಮ್ರಾಟ ಕ್ಲಾಡಿಯಸ್ ಮಾಡಿದ ಭಾಷಣವನ್ನು ಅದರ ಮೇಲೆ ಕೆತ್ತಲಾಗಿದೆ. ಕ್ಲಾಡಿಯಸ್ ಹುಟ್ಟಿದ್ದು ಇದೇ ಊರಿನಲ್ಲಿ. ಫಲಕ ಮಾತ್ರ 1528ರಲ್ಲಿ ದೊರೆತದ್ದು ಎದುರಿನ ಗುಡ್ಡದಲ್ಲಿ, ಒಬ್ಬ ಬಟ್ಟೆ ವ್ಯಾಪಾರಿಯ ದ್ರಾಕ್ಷಿ ತೋಟದಲ್ಲಿ. ಅದಾದ ಎಂಟು ವರ್ಷಕ್ಕೆ, 1536ರಲ್ಲಿ, ದೊರೆ ಮೊದಲನೆಯ ಫ್ರಾನ್ಸ್ವಾ ಲಿಯೋನಿಗೆ ರೇಷ್ಮೆ ನೇಯ್ಗೆಯ ಹಕ್ಕುಗಳನ್ನು ಕೊಟ್ಟ. ಮುಂದಿನ ಮೂರು ಶತಮಾನಗಳ ಕಥೆ ಆ ನೂಲಿನದು.

ನಾನು ಲಿಯೋನಿಗೆ ಹೋದದ್ದು ಒಂದು ತಪ್ಪು ತಿಳಿವಳಿಕೆಯನ್ನು ಕಟ್ಟಿಕೊಂಡು. ಜಾಕಾರ್ ಎಂಬವನು ಹೊಸ ಮಗ್ಗವನ್ನು ಕಂಡುಹಿಡಿದ, ಅದರಿಂದ ಕೆಲಸ ಕಳೆದುಕೊಂಡ ನೇಕಾರರು 1831ರಲ್ಲಿ ದಂಗೆ ಎದ್ದರು ಎಂದು ನಾನು ನಂಬಿದ್ದೆ. ಯಂತ್ರಕ್ಕೂ ಮನುಷ್ಯನಿಗೂ ಹಗೆ ಎಂಬ ಈ ಕಥೆ ಕೇಳಲು ಚೆನ್ನಾಗಿದೆ. ಸತ್ಯ ಬೇರೆ.

ಜೋಸೆಫ್ ಮಾರಿ ಜಾಕಾರ್ ಹುಟ್ಟಿದ್ದು 1752ರಲ್ಲಿ, ಲಿಯೋನಿನಲ್ಲೇ. ಅವನ ಮಗ್ಗ ರೂಪುಗೊಂಡದ್ದು 1804ರಲ್ಲಿ. ತೂತು ಕೊರೆದ ರಟ್ಟುಗಳ ಸರಮಾಲೆಯೇ ಅದರ ಜೀವಾಳ. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ನಿಲ್ಲುತ್ತದೆ. ಲಾಳಿ ಆ ನಡುವೆ ಹಾಯ್ದುಹೋಗುತ್ತದೆ. ನಮ್ಮ ನಾಡಿನ ನೇಕಾರರು ಇಂದಿಗೂ ‘ಜಕಾರ್ಡ್’ ಎನ್ನುವುದು ಈತನ ಹೆಸರನ್ನೇ. ಈ ವಿಧಾನದಿಂದ ಏನು ಸಾಧ್ಯವೆಂಬುದಕ್ಕೆ 1839ರಲ್ಲಿ ರೇಷ್ಮೆಯಲ್ಲಿ ನೇಯ್ದ ಜಾಕಾರನ ಭಾವಚಿತ್ರವೇ ಸಾಕ್ಷಿ: ಅದಕ್ಕೆ ಬೇಕಾದ ರಟ್ಟುಗಳು ಸುಮಾರು 24,000. ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಲಂಡನ್ನಿನಲ್ಲಿ ಅದರದೊಂದು ಪ್ರತಿಯನ್ನು ಇಟ್ಟುಕೊಂಡಿದ್ದ.

ಈ ಮಗ್ಗದಿಂದ ಕೆಲಸ ಹೋದದ್ದು ಮುಖ್ಯವಾಗಿ ಮಗ್ಗದ ಪಕ್ಕದಲ್ಲಿ ನಿಂತು ಹಗಲೆಲ್ಲ ಹಗ್ಗಗಳನ್ನು ಎಳೆಯುತ್ತಿದ್ದ ಸಹಾಯಕರಿಗೆ. ಅವರಲ್ಲಿ ಎಷ್ಟೋ ಮಂದಿ ಮಕ್ಕಳು. ಅವರ ಮಾತು ಯಾವ ಕಡತದಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಹಿರಿಯ ನೇಕಾರರಾದರೋ ಮೊದಲು ಗೊಣಗಿದರೂ ಬಳಿಕ ಮಗ್ಗವನ್ನು ಸ್ವಂತಕ್ಕೇ ಕೊಂಡರು. ಕ್ರ್ವಾ-ರೂಸಿನ ಮನೆಗಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಎತ್ತರದ ಮಗ್ಗ ಹಿಡಿಸಲೆಂದು ಸುಮಾರು ನಾಲ್ಕು ಮೀಟರ್ ಎತ್ತರದ ಕೋಣೆಗಳು, ಬೆಳಕಿಗಾಗಿ ಉದ್ದನೆಯ ಕಿಟಕಿಗಳು. ಮಗ್ಗ ಕೆಳಗೆ, ಕುಟುಂಬ ಮಲಗುವುದು ಮೇಲಿನ ಅಟ್ಟದ ಮೇಲೆ.

ಹಾಗಾದರೆ ಜಗಳ ಯಾವುದರದು? ದರದ್ದು. ‘ಕಾನ್ಯೂ’ ಎಂದು ಕರೆಸಿಕೊಳ್ಳುತ್ತಿದ್ದ ಈ ನೇಕಾರರಲ್ಲಿ ಮಗ್ಗಗಳ ಒಡೆಯರು ಸುಮಾರು 8,000 ಮಂದಿ. ಅವರ ಕೈಕೆಳಗೆ ದುಡಿಯುತ್ತಿದ್ದವರು ಸುಮಾರು 30,000. ಮಗ್ಗ ನೇಕಾರನದು, ನೂಲು ವರ್ತಕನದು. ನೇಯ್ದ ಬಟ್ಟೆಯ ಅಳತೆಗೆ ತಕ್ಕಂತೆ ಕೂಲಿ. ಆ ಕೂಲಿ ಇಳಿಯುತ್ತಲೇ ಹೋಯಿತು. 1831ರ ಅಕ್ಟೋಬರಿನಲ್ಲಿ ಜಿಲ್ಲಾಧಿಕಾರಿ ಬೂವಿಯೇ-ದ್ಯುಮೊಲಾರ್ ಎರಡೂ ಕಡೆಯವರನ್ನು ಕೂರಿಸಿ ಕನಿಷ್ಠ ದರಗಳ ಪಟ್ಟಿಯೊಂದನ್ನು ಮಾಡಿಸಿದ. ಹಲವು ವರ್ತಕರು ಅದನ್ನು ಒಪ್ಪಲಿಲ್ಲ. ಪ್ಯಾರಿಸಿನ ಸರ್ಕಾರವೂ ಮೆಚ್ಚಲಿಲ್ಲ. ನವೆಂಬರ್ 21ರಂದು ನೇಕಾರರು ಗುಡ್ಡವಿಳಿದರು. ದುಡಿದು ಬದುಕಬೇಕು, ಇಲ್ಲವೇ ಹೋರಾಡಿ ಸಾಯಬೇಕು ಎಂಬ ಅರ್ಥದ ಘೋಷಣೆ ಅವರ ಕಪ್ಪು ಬಾವುಟದ ಮೇಲಿತ್ತು. ಎರಡು ದಿನಗಳ ಕಾದಾಟದ ಬಳಿಕ ಸೈನ್ಯವೇ ಊರು ಬಿಟ್ಟಿತು.

ಗೆದ್ದವರು ಏನು ಮಾಡಿದರು? ಲೂಟಿಯಾಗದಂತೆ ಕಾವಲು ಕಾದರು! ಅಧಿಕಾರ ಕೈಗೆ ಬಂದಿತ್ತು; ಅವರು ಕೇಳಿದ್ದು ಮಾತ್ರ ಆ ಒಂದು ಪಟ್ಟಿಯನ್ನು. ಡಿಸೆಂಬರ್ 3ರಂದು ಮಾರ್ಷಲ್ ಸೂಲ್ ಮತ್ತು ರಾಜಕುಮಾರ ಓರ್ಲೆಯಾನ್ ಡ್ಯೂಕ್ ದೊಡ್ಡ ಸೇನೆಯೊಡನೆ ನಗರವನ್ನು ಹೊಕ್ಕರು. ಪಟ್ಟಿ ರದ್ದಾಯಿತು. ಜಿಲ್ಲಾಧಿಕಾರಿಯ ಕೆಲಸವೂ ಹೋಯಿತು. 1834ರ ಏಪ್ರಿಲಿನಲ್ಲಿ ಮತ್ತೊಮ್ಮೆ ದಂಗೆ ಎದ್ದಾಗ ಫಿರಂಗಿಗಳು ಮಾತಾಡಿದವು. ನೂರಾರು ಜನ ಸತ್ತರು.

ಊರಿನ ಜವಳಿ ಸಂಗ್ರಹಾಲಯಕ್ಕೆ ನಾನು ಹೋದಾಗ ಅರಮನೆಗಳಿಗೆಂದು ನೇಯ್ದ ರೇಷ್ಮೆಯ ಮುಂದೆ ಬಹಳ ಹೊತ್ತು ನಿಂತೆ. ಅಂಥ ಹೂಬಳ್ಳಿಗಳನ್ನು ಬೇರೆಲ್ಲೂ ಕಂಡಿಲ್ಲ. ಆದರೆ ಗಜಕ್ಕೆ ಎಷ್ಟು ಕೊಟ್ಟರೆಂಬುದನ್ನು ಯಾವ ಬಟ್ಟೆ ತಾನೇ ಹೇಳೀತು? ಅದನ್ನು ತಿಳಿಯಲು ಗುಡ್ಡ ಹತ್ತಿ, ಕಾನ್ಯೂಗಳ ಮನೆಯೆಂದು ಕರೆಯುವ ಚಿಕ್ಕ ಸಂಗ್ರಹಾಲಯಕ್ಕೆ ಹೋಗಬೇಕಾಯಿತು. ಅಲ್ಲಿ ಮಗ್ಗವನ್ನು ನಡೆಸಿಯೇ ತೋರಿಸುತ್ತಾರೆ. ಅದರ ಸದ್ದನ್ನು ಅನುಕರಿಸಿ ಆ ಊರಿನವರು ಮಗ್ಗಕ್ಕೆ ‘ಬಿಸ್ತಾಂಕ್ಲಾಕ್’ ಎಂದೇ ಹೆಸರಿಟ್ಟಿದ್ದಾರೆ. ಒಮ್ಮೆ ಕೇಳಿದರೆ ಹೆಸರು ಮರೆಯುವುದಿಲ್ಲ.

ಹಿಂತಿರುಗುವಾಗ ‘ತ್ರಾಬೂಲ್’ಗಳ ಮೂಲಕ ಇಳಿದೆ. ಒಂದು ಬೀದಿಯಿಂದ ಇನ್ನೊಂದಕ್ಕೆ ಮನೆಗಳ ಒಳಗಿನಿಂದಲೇ ಹಾಯುವ ಓಣಿಗಳು ಅವು. ರೇಷ್ಮೆಯನ್ನು ಹೊತ್ತವರೂ ದಂಗೆಯವರೂ ನಡೆದ ದಾರಿ. ವೊರಾಸ್ ಅಂಗಳದ ಕಲ್ಲಿನ ಮೆಟ್ಟಿಲುಗಳು ಆರು ಅಂತಸ್ತು ಏರುತ್ತವೆ.

ನೇಕಾರರಿಗೆ ತಮ್ಮದೇ ಒಂದು ವಾರಪತ್ರಿಕೆಯಿತ್ತೆಂದು ಆಮೇಲೆ ತಿಳಿಯಿತು. 1831ರ ಅಕ್ಟೋಬರಿನಲ್ಲಿ ಆರಂಭವಾದ ‘ಲೆಕೊ ದ ಲಾ ಫಾಬ್ರಿಕ್’ ವರ್ತಕರಿಗೂ ನೇಕಾರರಿಗೂ ನಡುವಿನ ತಕರಾರುಗಳ ಪಂಚಾಯಿತಿಯ ತೀರ್ಪುಗಳನ್ನು ವರದಿ ಮಾಡುತ್ತಿತ್ತು: ಕೂಲಿಯ ಜಗಳ, ಕಲಿಕೆಗೆ ಬಂದ ಹುಡುಗನ ಜಗಳ, ಇಂಥವೇ. ಸಾಮ್ರಾಟನ ಭಾಷಣ ಕಂಚಿನ ಮೇಲಿದ್ದರೆ ಇವರ ಮಾತು ಇದ್ದದ್ದು ಈ ಕಾಗದದ ಮೇಲೆ. ಎರಡನೆಯ ದಂಗೆಯ ಮರುತಿಂಗಳು, 1834ರ ಮೇಯಲ್ಲಿ, ಪತ್ರಿಕೆ ನಿಂತಿತು. ಸಂಚಿಕೆಗಳು ಉಳಿದಿವೆ, ಈಗ ಯಾರು ಬೇಕಾದರೂ ಓದಬಹುದು.